ತೊಳೆದರೂ ಹೋಗದ ಕಾಡು

ಇಳಕಲ್ಲಿನ ನಮ್ಮ ಮನೆಯಲ್ಲಿ ದೊಡ್ಡ ಕೋಣೆ ನಮ್ಮದಲ್ಲ, ಪರದೆಯದು. ಅಪ್ಪ ನಾಟಕ ಕಂಪನಿಗಳಿಗೆ ಪರದೆ ಬರೆಯುತ್ತಿದ್ದ. ಅರಮನೆ, ಓಣಿ, ಜೈಲು, ಕಾಡು, ಬಡವನ ಗುಡಿಸಲು, ಕಂಪನಿಯವರು ಏನು ಕೇಳಿದರೆ ಅದು. ಪಡಸಾಲೆ ದಾಟಿದರೆ ಸಿಗುತ್ತಿದ್ದ ಆ ಕೋಣೆಯ ಒಂದು ಗೋಡೆಯನ್ನು ಜಂತಿಯಿಂದ ನೆಲದವರೆಗೆ ಬಟ್ಟೆ ಮುಚ್ಚಿರುತ್ತಿತ್ತು. ಅಪ್ಪನ ತಾಯಿ, ಅವಳನ್ನು ನಾವು ಆಯಿ ಎನ್ನುತ್ತಿದ್ದೆವು, ಅಪ್ಪ, ಅವ್ವ, ಅಣ್ಣ ಮಲ್ಲೇಶಿ ಮತ್ತು ನಾನು, ಇಷ್ಟು ಜನ ಉಳಿದ ಜಾಗದಲ್ಲಿ ಹೇಗೋ ಹೊಂದಿಕೊಂಡಿದ್ದೆವು. ಊಟಕ್ಕೆ ಕೂತರೆ ಎದುರಿಗೆ ರಾಜನ ದರ್ಬಾರು, ತಾಟಿನಲ್ಲಿ ರೊಟ್ಟಿ, ಪುಂಡಿಪಲ್ಲೆ, ಶೇಂಗಾ ಹಿಂಡಿ. ಪಲ್ಲೆಯ ಒಂದು ಹನಿ ಬಟ್ಟೆಗೆ ಸಿಡಿದರೆ ಸಾಕು, ಅಪ್ಪ ಮುಖ ನೋಡದೆ ಹೊಡೆಯುತ್ತಿದ್ದ. ಯಾರಿಗೆ ಬಿತ್ತು ಎಂದು ಆಮೇಲೆ ನೋಡುತ್ತಿದ್ದ.

ಈಗ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ನನ್ನದೇ ಒಂದು ಸ್ಟುಡಿಯೋ ಇದೆ. ಚಿತ್ರಕಲೆ ಓದುವ ಹುಡುಗ ಹುಡುಗಿಯರು ಬರುತ್ತಾರೆ. ನನ್ನ ಚಿತ್ರಗಳನ್ನು ಅರೆಬರೆ ನೋಡಿ, ಕೇಳಲೆಂದೇ ಬಂದ ಪ್ರಶ್ನೆ ಕೇಳುತ್ತಾರೆ.

"ಮೇಡಂ, ಇಷ್ಟ ವರ್ಷ ದಿನಾ ಹ್ಯಾಂಗ ಕೆಲಸ ಮಾಡ್ತೀರಿ? ಮೂಡ್ ಬರಲಿಲ್ಲಂದ್ರ ಏನ್ ಮಾಡ್ತೀರಿ?"

ಮೊಬೈಲು ತೆರೆದು ಯಾರೋ ಹೇಳಿಕೊಟ್ಟ ಸೂತ್ರಗಳನ್ನೂ ತೋರಿಸುತ್ತಾರೆ. ನಸುಕಿನಲ್ಲಿ ಏಳಬೇಕಂತೆ, ಬಿಸಿನೀರು ಕುಡಿಯಬೇಕಂತೆ, ಮನಸ್ಸಿಗೆ ಖುಷಿ ಕೊಡುವ ಗಿಡವೊಂದನ್ನು ಮೇಜಿನ ಮೇಲೆ ಇಡಬೇಕಂತೆ. ನನಗೆ ಮೈಯೆಲ್ಲ ಉರಿಯುತ್ತದೆ. ಮೂಡು ಎಂಬ ಪ್ರಾಣಿಯನ್ನು ನಮ್ಮ ಮನೆಯಲ್ಲಿ ಯಾರೂ ಕಂಡವರಲ್ಲ. ಆದರೂ ಸಿಟ್ಟು ನುಂಗಿ, "ಕುಂಡ್ರಿ, ಚಾ ಕುಡೀರಿ" ಎಂದು ಮಾತು ಮರೆಸುತ್ತೇನೆ. ನಾನು ದಿನವೂ ಕೆಲಸಕ್ಕೆ ನಿಲ್ಲುವುದನ್ನು ಕಲಿತದ್ದು ಹೇಗೆ ಎಂದು ಹೇಳಹೊರಟರೆ ಅಣ್ಣನ ಸಾವನ್ನು ಹೇಳಬೇಕು. ಚಹಾ ಕುಡಿಯಲು ಬಂದ ಮಕ್ಕಳ ಮುಂದೆ ಅದನ್ನು ಹೇಳುವುದು ನನ್ನಿಂದ ಆಗುವುದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಪರದೆಯ ಬಣ್ಣವೆಂದರೆ ಸುಣ್ಣದ ಪುಡಿ, ಮಣ್ಣಿನ ಬಣ್ಣಗಳು, ಇವನ್ನು ಬಟ್ಟೆಗೆ ಹಿಡಿದಿಡುವ ಸರೇಸು. ಸರೇಸು ದನದ ಚರ್ಮ, ಎಲುಬುಗಳಿಂದ ತೆಗೆಯುವ ಅಂಟು. ಒಣಗಿದ ತುಂಡುಗಳನ್ನು ತಂದು ನೀರಲ್ಲಿ ನೆನೆಸಿ ಕುದಿಸಬೇಕು. ನಮ್ಮ ಆಯಿಯೋ, ವಿಭೂತಿ ಹಚ್ಚಿ ಲಿಂಗಪೂಜೆ ಮುಗಿಸದೆ ಬಾಯಿಗೆ ಹನಿ ನೀರು ಹಾಕದ ಹೆಂಗಸು. ನಾನು ಹುಟ್ಟುವ ಮೊದಲೇ ಶುರುವಾಗಿದ್ದ ಅವಳ, ಅಪ್ಪನ ಜಗಳ ನನಗೆ ಬುದ್ಧಿ ಬರುವ ಹೊತ್ತಿಗೆ ಬಾಯಿಪಾಠವಾಗಿತ್ತು.

"ಗುರಪ್ಪಾ, ಆ ಹೊಲಸ ಹೊಸ್ತಲಾ ದಾಟಿ ಒಳಗ ಬಂತೋ, ನಾ ಹೊರಗ ಹೋಗಾಕಿ."

"ಯವ್ವಾ, ಅದಿಲ್ಲಂದ್ರ ಬಣ್ಣ ಬಟ್ಟಿಗೆ ಹತ್ತೂದಿಲ್ಲ."

"ಹುಣಸಿಬೀಜದ ಸರಿ ಹಚ್ಚು. ನಿಮ್ಮಪ್ಪ ಅದನ್ನ ಹಚ್ಚತಿದ್ದ."

"ಹುಣಸಿಬೀಜ ಹಚ್ಚಿದ್ರ ಇಲಿ ತಿಂತಾವ. ಅರಮನಿ ಬಾಗಲಾ ಇಲಿ ತಿಂದು ಹೋದ್ರ ರಾಜಾ ಎಲ್ಲಿಂದ ಬರಬೇಕು, ನಿನ್ನ ಅಡಗಿಮನಿಯಿಂದ?"

ಕೊನೆಗೆ ಒಂದು ದಾರಿ ಆಗಿತ್ತು. ನಮ್ಮ ಹಿತ್ತಲಿಗೆ ಅಂಟಿಕೊಂಡೇ ಹುಸೇನಸಾಬನ ಅಂಗಳ. ಅವನು ಸೀರೆಯ ನೂಲಿಗೆ ಬಣ್ಣ ಹಾಕುವವನು, ಅವನಲ್ಲಿ ಬೆಳಗಿನಿಂದ ಒಲೆ ಉರಿಯುತ್ತಲೇ ಇರುತ್ತಿತ್ತು. ಸರೇಸು ಅಲ್ಲೇ ಕುದಿಯಬೇಕು, ಅಲ್ಲೇ ಬಣ್ಣಕ್ಕೆ ಬೆರೆಯಬೇಕು, ಬಣ್ಣವಾಗಿ ಮನೆಯೊಳಗೆ ಬರಬೇಕು. ಬಣ್ಣದ ಹೊಟ್ಟೆಯಲ್ಲಿ ಏನಿದೆ ಎಂದು ಆಯಿ ಕೇಳಲಿಲ್ಲ, ಅಪ್ಪ ಹೇಳಲಿಲ್ಲ. ದಿನಾ ಬೆಳಿಗ್ಗೆ ಪಾತ್ರೆ ಹಿಡಿದು ಹುಸೇನಸಾಬನ ಅಂಗಳಕ್ಕೆ ಹೋಗುವ ಕೆಲಸ ಮಲ್ಲೇಶಿಯದಾಗಿತ್ತು.

ಕುದಿಸಿದ ಸರೇಸು ಮರುದಿನಕ್ಕೆ ನಾರುತ್ತದೆ. ನಮ್ಮ ಮನೆಯ ಶಿಸ್ತೆಲ್ಲ ಹುಟ್ಟಿದ್ದು ಅಲ್ಲಿಂದ. ಪಾತ್ರೆ ಬಂತೆಂದರೆ ಅದು ಖಾಲಿಯಾಗುವವರೆಗೆ ಯಾರೂ ಗೋಡೆ ಬಿಟ್ಟು ಕದಲುವಂತಿಲ್ಲ. ಜ್ವರವಿರಲಿ, ಬೀಗರು ಬಂದಿರಲಿ, ನಾಗರಪಂಚಮಿಯ ಜೋಕಾಲಿ ಕಟ್ಟಿರಲಿ, ಮೊದಲು ಪಾತ್ರೆ. ಇನ್ನೊಂದು ನಿಯಮ ಬಟ್ಟೆಯದು. ಬಟ್ಟೆ ಕಂಪನಿಯವರದು, ನಮ್ಮದಲ್ಲ. ಒಂದು ದೃಶ್ಯ ಹಳತಾದರೆ ಅವರು ಅದೇ ಬಟ್ಟೆಯನ್ನು ಹೊತ್ತು ತರುತ್ತಿದ್ದರು, ಅದನ್ನು ತೊಳೆದು ಅದರ ಮೇಲೆಯೇ ಬೇರೆ ದೃಶ್ಯ ಬರೆಯಬೇಕು. ತೊಳೆಯುವುದು ಅವ್ವನ ಕೆಲಸ. ಹಳ್ಳಕ್ಕೆ ಒಯ್ದು, ಕಲ್ಲಿನ ಮೇಲೆ ಹರಡಿ, ಕಾಲಿನಿಂದ ತುಳಿದು ತೊಳೆಯುತ್ತಿದ್ದಳು. ಅಪ್ಪ ತಿಂಗಳುಗಟ್ಟಲೆ ಬೆನ್ನು ಬಾಗಿಸಿ ಬರೆದ ಅರಮನೆ ಒಂದು ಮಧ್ಯಾಹ್ನದಲ್ಲಿ ಕೆಸರಾಗಿ ಹರಿದು ಹೋಗುತ್ತಿತ್ತು. ಅಪ್ಪನಿಗೆ ಅದರ ಬಗ್ಗೆ ಕಿಂಚಿತ್ತೂ ಬೇಜಾರಿರಲಿಲ್ಲ. ಬಟ್ಟೆ ಬೆಳ್ಳಗಾಗಿ ಬಂದರೆ ಅವ್ವನನ್ನು ಹೊಗಳುತ್ತಿದ್ದ, ಅವ್ವನನ್ನು ಹೊಗಳುತ್ತಿದ್ದದ್ದು ಅದೊಂದಕ್ಕೇ. ಹೀಗೆ ತೊಳೆಯಬೇಕಾದ್ದರಿಂದಲೇ ನೂಲಿನ ಬಣ್ಣವನ್ನು ಪರದೆಗೆ ಹಾಕಬಾರದು ಎಂಬ ಕಟ್ಟಪ್ಪಣೆಯೂ ಇತ್ತು. ನೂಲಿನ ಬಣ್ಣ ದಾರದೊಳಗೆ ಇಳಿದು ಕೂರುತ್ತದೆ, ಅದನ್ನು ಯಾವ ಹಳ್ಳವೂ ತೊಳೆಯುವುದಿಲ್ಲ.

ಮಲ್ಲೇಶಿಗೆ ಆಗಿನ್ನೂ ಮೀಸೆ ಮೂಡುತ್ತಿತ್ತು. ಶಾಲೆ ಬಿಟ್ಟಿದ್ದ, ಅದಕ್ಕಾಗಿ ಯಾರೂ ಅತ್ತಿರಲಿಲ್ಲ. ಅಪ್ಪ ಕಂಬ ಬರೆದರೆ ಅದು ಕಂಬ, ಅಷ್ಟೆ. ಅಣ್ಣ ಬರೆದ ಕಂಬದ ಹಿಂದೆ ಯಾರೋ ನಿಂತಿದ್ದಾರೆ ಅನಿಸುತ್ತಿತ್ತು. ಒಂದು ಸಲ ಒಂದು ಕಂಪನಿಯ ಮಾಲಕರು ಹಳೆಯ ಓಣಿಯ ಪರದೆಯೊಂದನ್ನು ತಂದು ಹಾಕಿ, ಇದರ ಮೇಲೆ ಕಾಡು ಬೇಕು ಎಂದರು. ಮೊದಲ ಬಾರಿಗೆ ಅಪ್ಪ ಇಡೀ ಪರದೆಯನ್ನು ಅಣ್ಣನ ಕೈಗೆ ಕೊಟ್ಟ. ಅಣ್ಣ ಎರಡು ದಿನ ಬಾದಾಮಿಗೆ ಹೋಗಿ ಗುಡ್ಡದ ಮೇಲೆ ಕೂತು, ಕೆಂಪು ಬಂಡೆಯ ಮೇಲೆ ಹಸಿರು ಹೇಗೆ ಕಾಣುತ್ತದೆ ಎಂದು ನೋಡಿಕೊಂಡು ಬಂದ. ಬಂದವನು ಮಾತು ಬಿಟ್ಟು ಬರೆಯತೊಡಗಿದ. ಎಂಥ ಹಸಿರು ಅದು! ಮಣ್ಣಿನ ಬಣ್ಣದಲ್ಲಿ ಅಂಥ ಕಪ್ಪುಗಟ್ಟಿದ ಹಸಿರು ಬರುವುದಿಲ್ಲ ಎಂದು ಅಪ್ಪನಿಗೆ ಗೊತ್ತಿರಬೇಕಿತ್ತು. ಅಪ್ಪ ಹಿಂದೆ ನಿಂತು ಬಹಳ ಹೊತ್ತು ನೋಡಿದ.

"ಈ ಹಸರು ಎಲ್ಲಿಂದ ತಂದ್ಯೋ?"

"ಕಲಸೇನಿ, ಅಪ್ಪಾ."

ಅಪ್ಪ ಮತ್ತೆ ಕೇಳಲಿಲ್ಲ. ಆ ಸಂಜೆ ಚಹಾದಂಗಡಿಯಲ್ಲಿ ಮಗನ ಗುಣಗಾನ ಮಾಡಿದನೆಂದು ನಾವು ಆಮೇಲೆ ಕೇಳಿ ತಿಳಿದೆವು. ಮನೆಯಲ್ಲಿ ಮಾತ್ರ ಬಾಯಿ ಬಿಡಲಿಲ್ಲ.

ಕಾಡು ಅರ್ಧ ಆಗಿತ್ತು. ಬಲಗಡೆ ಮರಗಳು ತುಂಬಿ, ನಡುವೆ ಒಂದು ಕಾಲುದಾರಿ ಮೂಡಿ, ದಾರಿಯ ತಿರುವಿನಲ್ಲಿ ಕೊಂಬಿಲ್ಲದ ಒಂದು ಜಿಂಕೆ ನಿಂತಿತ್ತು. ಎಡಗಡೆ ಇನ್ನೂ ಬಿಳಿ ಬಟ್ಟೆ. ಅಣ್ಣನಿಗೆ ಜ್ವರ ಬಂತು. ಮೊದಮೊದಲು ಜ್ವರದಲ್ಲೇ ಬರೆದ, ಪಾತ್ರೆ ಬಂದಿದೆಯಲ್ಲ. ಆಮೇಲೆ ಎದ್ದು ನಿಲ್ಲಲಾಗಲಿಲ್ಲ. ಊರಿನ ದವಾಖಾನೆಯಲ್ಲಿ ಬಾಗಲಕೋಟೆಗೆ ಒಯ್ಯಿರಿ ಎಂದರು. ಅಪ್ಪ, ಅವ್ವ ಇಬ್ಬರೂ ಅವನನ್ನು ಬಸ್ಸಿನಲ್ಲಿ ನಡುವೆ ಕೂರಿಸಿಕೊಂಡು ಹೋದರು. ಹುನಗುಂದ ದಾಟುವವರೆಗೆ ಮಾತಾಡಿದನಂತೆ. ಅಮೀನಗಡದಲ್ಲಿ ಬಸ್ಸು ನಿಂತಾಗ ನೀರು ಕೇಳಿದ. ಅಪ್ಪ ಇಳಿದು ಕರದಂಟಿನ ಅಂಗಡಿಯೊಂದರಲ್ಲಿ ಬೇಡಿ, ತಂಬಿಗೆಯಲ್ಲಿ ನೀರು ಹಿಡಿದು, ಕರದಂಟು ಕೊಳ್ಳಲು ಮುಗಿಬಿದ್ದ ಪ್ರಯಾಣಿಕರನ್ನು ದೂಡಿಕೊಂಡು ಬಸ್ಸು ಹತ್ತಿದ. ಅಣ್ಣನ ತಲೆ ಅವ್ವನ ತೊಡೆಯ ಮೇಲಿತ್ತು.

"ನೀರು ತಂದೇನಿ, ಎಬ್ಬಸು."

"ಅಂವಗ ಸಾಕಂತ್ರಿ," ಎಂದಳಂತೆ ಅವ್ವ. "ಇಳಸೂಣು ನಡೀರಿ."

ಅಪ್ಪ ಇದನ್ನು ತನ್ನ ಜೀವಮಾನದಲ್ಲಿ ಒಂದೇ ಸಲ ಹೇಳಿದ್ದು. ಆ ಊರಿನ ಕರದಂಟನ್ನು ಜನ ನನಗೆ ಪ್ರೀತಿಯಿಂದ ತಂದುಕೊಡುತ್ತಾರೆ, ನಾನು ಮನೆಗೆಲಸದವಳಿಗೆ ಕೊಟ್ಟುಬಿಡುತ್ತೇನೆ.

ಅದೇ ಸಂಜೆ ಮಣ್ಣು ಮಾಡಿದರು. ಮರುದಿನ ಬೆಳಿಗ್ಗೆ ಆಯಿ ಎಂದಿನಂತೆ ಮಿಂದು ಪೂಜೆ ಮುಗಿಸಿದಳು. ಆಮೇಲೆ ಹಿತ್ತಲಿಗೆ ಹೋಗಿ, ಜನ್ಮದಲ್ಲಿ ಮುಟ್ಟದಿದ್ದ ಸರೇಸಿನ ಪಾತ್ರೆಯನ್ನು ತನ್ನ ಕೈಯಾರೆ ಎತ್ತಿ ತಂದು, ಗೋಡೆಗೆ ಒರಗಿ ಕೂತಿದ್ದ ಅಪ್ಪನ ಮುಂದೆ ಇಟ್ಟಳು.

"ಏಳು, ಗುರಪ್ಪಾ. ನಮಗ ಸೂತಕ ಇಲ್ಲ. ಅಂವ ಲಿಂಗದಾಗ ಕೂಡ್ಯಾನ, ಅಳೂದೂ ಇಲ್ಲ. ಹೋಗಿ ಕುದಿಸಿಕೊಂಡ ಬಾ."

ಕೇಳಿದವರು ಇವಳೆಂಥ ಮುದುಕಿ ಎನ್ನಬಹುದು. ಆಯಿಗೆ ಅದು ಕಲ್ಲುತನವಲ್ಲ, ನಂಬಿಕೆ. ಲಿಂಗ ಕಟ್ಟಿದ ಮೈಗೆ ಸಾವಿನ ಮೈಲಿಗೆ ಇಲ್ಲ, ಇದ್ದರೆ ಕಾಯಕ ನಿಂತುಹೋಗುತ್ತದೆ, ಅಷ್ಟನ್ನು ಅವಳು ಹುಟ್ಟಿದಾಗಿನಿಂದ ಕೇಳಿ ಬೆಳೆದಿದ್ದಳು. ಅಪ್ಪ ಪಾತ್ರೆಯನ್ನು ನೋಡಿದ, ಪರದೆಯನ್ನು ನೋಡಿದ.

"ತೊಳದಬಿಡ್ರಿ ಅದನ್ನ," ಎಂದ.

"ಯಾರು ತೊಳೀಬೇಕು?" ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಯಾವಾಗಲೂ ತೊಳಿಯಾಕಿ ಯಾರು? ನೀನ ಅಲ್ಲ?"

"ನನ್ನ ಮಗಾ ಬರದದ್ದನ್ನ ನನ್ನ ಕಡೆ ತೊಳಸ್ತೀರಿ? ಅರ್ಧ ಅಂವ ಬರದಾನ, ಅರ್ಧ ನೀವ ಬರೀರಿ. ಇಲ್ಲಾ ಹಂಗ ಇಡ್ರಿ."

"ಇಡಾಕ ಅದೇನ ನಿಮ್ಮಪ್ಪನ ಬಟ್ಟೇನ? ಕಂಪನಿದು. ಬರಿಯಾಕ ನನ್ನ ಕೈಯಾಗ ಆ ಹಸರು ಇಲ್ಲ. ಇಲ್ಲಂದ್ರ ಇಲ್ಲ!"

ಅಪ್ಪ ಎದ್ದವನೇ ಪರದೆಯನ್ನು ಹಿಡಿದು ಜಗ್ಗಿದ. ಮೇಲಿನ ಮೂಲೆ ಚರ್ರೆಂದು ಹರಿಯಿತು. ಆ ಸದ್ದಿಗೆ ಅವ್ವ ಓಡಿ ಬಂದು ಅವನ ಕೈ ಹಿಡಿದಳು.

"ಹರೀಬ್ಯಾಡ್ರಿ. ತೊಳೀತೇನಿ, ಹರೀಬ್ಯಾಡ್ರಿ."

ನಾನೂ ಅವ್ವನೂ ಬಟ್ಟೆಯನ್ನು ಸುತ್ತಿ ಹೊತ್ತುಕೊಂಡು ಹಳ್ಳಕ್ಕೆ ಹೋದೆವು. ಯಾವಾಗಲೂ ಕಾಲಿನಿಂದ ತುಳಿದು ತೊಳೆಯುತ್ತಿದ್ದವಳು ಅವತ್ತು ಕಾಲಿಡಲಿಲ್ಲ, ಮೊಣಕಾಲೂರಿ ಕೂತು ಕೈಯಿಂದ ತಿಕ್ಕಿದಳು. ಮೊದಲು ಆಕಾಶ ಹೋಯಿತು. ಆಮೇಲೆ ಕಾಲುದಾರಿ. ಜಿಂಕೆಯ ಮೇಲೆ ನೀರು ಹಾಕುವಾಗ ಅವ್ವ ಆಚೆ ಮುಖ ಮಾಡಿದಳು, ನಾನು ನೋಡುತ್ತಿದ್ದೆ, ಅದು ಕಂದು ನೀರಾಗಿ ನನ್ನ ಕಾಲಬೆರಳುಗಳ ನಡುವೆ ಹಾದು ಹೋಯಿತು. ಮರದ ಕಾಂಡಗಳೂ ಹೋದವು. ಎಲೆಗಳು ಹೋಗಲಿಲ್ಲ. ಅವ್ವ ತಿಕ್ಕಿದಳು, ಬಡಿದಳು, ಹಿಂಡಿದಳು, ಮತ್ತೆ ತಿಕ್ಕಿದಳು. ಕಾಂಡವಿಲ್ಲದ, ನೆಲವಿಲ್ಲದ ಹಸಿರು ಬಟ್ಟೆಯಲ್ಲಿ ಹಾಗೇ ಉಳಿಯಿತು. ಅವಳ ಕೈ ನಿಂತಿತು.

"ಹೋಗವಲ್ದು ನೋಡು, ಲೀಲಾ," ಎಂದಳು. "ಹೋಗವಲ್ದು."

ಅವಳ ದನಿಯಲ್ಲಿದ್ದದ್ದು ಸಂತೋಷ. ನನಗೂ ಸಂತೋಷವಾಯಿತು. ಬಟ್ಟೆಯ ಎರಡು ತುದಿ ಹಿಡಿದು, ಅಣ್ಣನನ್ನೇ ಕರೆದುಕೊಂಡು ಬರುತ್ತಿದ್ದೇವೆ ಎಂಬಂತೆ ಮನೆಗೆ ಬಂದೆವು.

ಒದ್ದೆ ಬಟ್ಟೆಯನ್ನು ನೋಡಿದ ಕೂಡಲೇ ಅಪ್ಪನಿಗೆ ತಿಳಿಯಿತು. ಅವನ ಸಿಟ್ಟಿಗೆ ಮನೆ ಸಾಲಲಿಲ್ಲ. "ನೂಲಿನ ಬಣ್ಣ ಹಾಕ್ಯಾನ! ಹಾಕಬ್ಯಾಡಲೇ ಅಂತ ಹಾಡಿ ಹಾಡಿ ಹೇಳೇನಿ, ಹಾಕ್ಯಾನ! ನನಗ ಸುಳ್ಳು ಹೇಳ್ಯಾನ!" ಎಂದು ಸತ್ತ ಮಗನ ಮೇಲೆ ಕೂಗಾಡುತ್ತ ಹಿತ್ತಲು ದಾಟಿ ಹುಸೇನಸಾಬನ ಅಂಗಳಕ್ಕೆ ನುಗ್ಗಿದ. ನಾನು ಹಿಂದೆ ಓಡಿದೆ.

"ನೀ ಕೊಟ್ಟೇನ ಅಂವಗ ಬಣ್ಣ?"

ಹುಸೇನಸಾಬ ಕೈಯಲ್ಲಿದ್ದ ನೂಲಿನ ಲಡಿ ಕೆಳಗಿಟ್ಟ. "ಕೊಟ್ಟೆ. 'ಕಾಕಾ, ನನ್ನ ಕಾಡಿಗೆ ಖರೆ ಹಸರು ಬೇಕು' ಅಂದ. ಮಗಾ ಬಂದು ಕೇಳಿದ್ರ ಇಲ್ಲ ಅನ್ನಲೇನು, ಗುರಪ್ಪಣ್ಣಾ?"

ಅಪ್ಪ ಅಲ್ಲೇ ಹಸಿ ನೆಲದಲ್ಲಿ ಕುಕ್ಕರಿಸಿದ. ಅತ್ತನೆಂದರೆ, ನಾನು ಅಂಥ ಅಳುವನ್ನು ಆ ಮೊದಲೂ ಕೇಳಿಲ್ಲ, ಆಮೇಲೂ ಕೇಳಿಲ್ಲ. ಹುಸೇನಸಾಬ ಅವನ ಪಕ್ಕದಲ್ಲಿ ಕೂತ.

ಆಮೇಲೆ ಅಪ್ಪ ಆ ಬಟ್ಟೆಯ ಮೇಲೆ ಬಿಳಿ ಬಳಿದ. ಬಳಿದಾಗ ಮುಚ್ಚುತ್ತಿತ್ತು, ಒಣಗುತ್ತಿದ್ದಂತೆ ಹಸಿರು ಒಳಗಿಂದ ಎದ್ದು ಬರುತ್ತಿತ್ತು. ಇನ್ನಷ್ಟು ದಪ್ಪ ಬಳಿದ, ಮತ್ತೆ ಎದ್ದಿತು. ಆ ದಿನ ಕುಂಚವನ್ನು ತೊಳೆಯದೆ ಹಾಗೇ ನೆಲಕ್ಕೆ ಬಿಟ್ಟು ಎದ್ದು ಹೋದ. ನಮ್ಮ ಮನೆಯಲ್ಲಿ ಕುಂಚ ತೊಳೆಯದೆ ಬಿಟ್ಟದ್ದು ಅದೇ ಮೊದಲು, ಬೆಳಿಗ್ಗೆ ನೋಡಿದರೆ ಕೂದಲೆಲ್ಲ ಕಟ್ಟಿಗೆಯಾಗಿತ್ತು. ಮರುದಿನ ಪಾತ್ರೆ ಹೋಗಲಿಲ್ಲ, ಬರಲಿಲ್ಲ. ಅದರ ಮರುದಿನವೂ ಇಲ್ಲ. ಇನ್ನೊಂದು ಕಂಪನಿಯವರು ಬರೆಯಲು ಕೊಟ್ಟಿದ್ದ ಬಟ್ಟೆ ಮೂಲೆಯಲ್ಲಿ ಸುತ್ತಿಟ್ಟ ಹಾಗೆಯೇ ಇತ್ತು. ಅಪ್ಪ ಕಾಡಿನ ಎದುರು ಕೂರುತ್ತಿದ್ದ, ಮಧ್ಯಾಹ್ನವಾದರೆ ಅಲ್ಲೇ ಅಡ್ಡಾಗುತ್ತಿದ್ದ. ಅವ್ವ ಅಡುಗೆ ಮಾಡಿ ಬಂದು ಕೂರುತ್ತಿದ್ದಳು. ದಿನಾ ಪರದೆಯ ಮುಂದಿನ ನೆಲವನ್ನು ಮಾತ್ರ ಸಾರಿಸುತ್ತಿದ್ದಳು, ಉಳಿದ ಮನೆ ಹಾಗೇ ಬಿದ್ದಿರುತ್ತಿತ್ತು.

ಸುದ್ದಿ ಓಣಿ ದಾಟಿತು. ಸತ್ತ ಹುಡುಗ ಬರೆದ ಗಿಡಗಳು ತೊಳೆದರೂ ಹೋಗುತ್ತಿಲ್ಲವಂತೆ, ಬಿಳಿ ಬಳಿದರೂ ಚಿಗುರುತ್ತವಂತೆ! ಜನ ನೋಡಲು ಬರತೊಡಗಿದರು. ಹುನಗುಂದದ ಕಡೆಯ ಹೆಂಗಸೊಬ್ಬಳು ತೆಂಗಿನಕಾಯಿ, ಊದಿನಕಡ್ಡಿ ಹಿಡಿದೇ ಬಂದಳು. ಆಯಿ ಕೋಲು ಕುಟ್ಟುತ್ತ ಎದ್ದಳು.

"ಲಿಂಗ ಕೊರಳಾಗ ಇಟಗೊಂಡು ಹರಕ ಬಟ್ಟಿಗೆ ಕೈ ಮುಗೀತೀರೇನ? ಅದು ಸೀರಿ ಬಣ್ಣ, ನಮ್ಮ ಮಲ್ಲ್ಯಾನ ಖೋಡಿತನ! ನಡೀರಿ ಹೊರಗ!"

ಹೆಂಗಸು ಹೋದಳು, ಕಾಯಿ ಇಟ್ಟು ಹೋದಳು. ಆಯಿ ಅವ್ವನ ಕಡೆ ತಿರುಗಿ ಸೊಸೆಯಾದವಳಿಗೆ ಹೇಳಬಾರದ್ದೆಲ್ಲ ಹೇಳಿದಳು. ಅವ್ವ ಕಿವಿಗೆ ಹಾಕಿಕೊಳ್ಳಲಿಲ್ಲ. ಅದು ನೂಲಿನ ಬಣ್ಣ ಎಂದು ಅವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಎಲೆಗಳ ಮೇಲೆ ಕೈಯಾಡಿಸುತ್ತ ಕೂರುತ್ತಿದ್ದಳು.

ನನ್ನ ವಿಷಯ ಯಾರ ಗಮನಕ್ಕೂ ಬರಲಿಲ್ಲ. ನಾನು ತಾಟಿನಲ್ಲಿ ಹಾಕಿದ ರೊಟ್ಟಿಯನ್ನು ಎತ್ತಿಕೊಂಡು ಹೋಗಿ ಪರದೆಯ ಹಿಂದೆ, ಗೋಡೆಯ ಬುಡದಲ್ಲಿ ಇಡುತ್ತಿದ್ದೆ. ಅಣ್ಣ ಜ್ವರದಲ್ಲಿ ಏನೂ ತಿನ್ನದೆ ಹೋಗಿದ್ದ, ಅದು ನನ್ನ ತಲೆಯಲ್ಲಿ ಕೂತಿತ್ತು. ಮೊದಲು ಅರ್ಧ ಇಡುತ್ತಿದ್ದೆ, ಆಮೇಲೆ ಇಡೀ ರೊಟ್ಟಿ. ಹಸಿವೆ ಕೆಲವು ದಿನ ಕಾಡಿ ತಾನೇ ಸುಮ್ಮನಾಯಿತು. ಶಾಲೆಗೆ ಹೋಗುವುದನ್ನೂ ಬಿಟ್ಟೆ, ಹೋಗು ಎನ್ನುವವರು ಯಾರೂ ಇರಲಿಲ್ಲ. ಪರದೆಯ ಮತ್ತು ಗೋಡೆಯ ನಡುವಿನ ಸಂದಿಯಲ್ಲಿ ಮಲಗಿದರೆ ಬೆಳಕು ಬಟ್ಟೆಯೊಳಗಿಂದ ಹಸಿರಾಗಿ ಬರುತ್ತಿತ್ತು. ಅಲ್ಲೇ ಇದ್ದುಬಿಡಬೇಕು ಅನಿಸುತ್ತಿತ್ತು. ಈಗ ಇದನ್ನು ಬರೆಯುವಾಗ ನನಗೆ ಭಯವಾಗುತ್ತದೆ, ಆಗ ಒಂದಿಷ್ಟೂ ಭಯವಿರಲಿಲ್ಲ.

ಒಂದು ಬೆಳಿಗ್ಗೆ ಅವ್ವ ನೆಲ ಸಾರಿಸುವಾಗ ಕರಿ ಇರುವೆಗಳ ಸಾಲು ಕಂಡಳು. ಪರದೆ ಎತ್ತಿ ನೋಡಿದರೆ, ಒಂದರ ಮೇಲೊಂದು ಒಣಗಿ ಕಡಕಾದ ರೊಟ್ಟಿಗಳು, ಅವುಗಳ ಪಕ್ಕದಲ್ಲಿ ಮಲಗಿದ್ದ ನಾನು.

"ಯಾರಿಗೆ ಇಟ್ಟೀಯ ಇವನ್ನ?"

"ಅಣ್ಣಗ."

ಅವ್ವ ನನ್ನ ತೋಳು ಹಿಡಿದು ಎಬ್ಬಿಸಿದಳು. ತೋಳು ಅವಳ ಮುಷ್ಟಿಯಲ್ಲಿ ಪೂರ್ತಿ ಅಡಗಿತು. ಬಾಗಿಲ ಬೆಳಕಿಗೆ ನಿಲ್ಲಿಸಿ, ಲಂಗ ಜಾರದಂತೆ ನಾನು ಕಟ್ಟಿಕೊಂಡಿದ್ದ ಹಗ್ಗವನ್ನು, ಕೊರಳ ಎಲುಬನ್ನು ನೋಡಿದಳು. ಆಮೇಲೆ ಅಡ್ಡಾಗಿದ್ದ ಅಪ್ಪನನ್ನು ನೋಡಿದಳು, ಕಟ್ಟಿಗೆಯಾದ ಕುಂಚವನ್ನು ನೋಡಿದಳು. ಸ್ಟೂಲು ಎಳೆದುಕೊಂಡು ಹತ್ತಿ ಪರದೆಯ ಗಂಟುಗಳನ್ನು ಬಿಚ್ಚತೊಡಗಿದಳು.

"ಏನ್ ಮಾಡಾಕತ್ತಿ?" ಅಪ್ಪ ಎದ್ದು ಕೂತ.

"ಕರೀ ಬಣ್ಣದಾಗ ಅದ್ದತೇನಿ. ಕಂಪನಿಯವರಿಗೆ ಕರಿ ಪರದಿ ಬೇಕ ಆಗತೈತಿ."

"ಹುಚ್ಚ ಹಿಡದೈತೇನ ನಿನಗ? ಅಂವಂದು ಇದೊಂದ ಉಳದೈತಿ."

"ಇದೊಂದ ಅಲ್ಲ," ಎಂದಳು ಅವ್ವ ಮೇಲಿನಿಂದಲೇ. "ಇಕಿನೂ ಉಳದಾಳ. ಕಣ್ಣ ತಗದ ನೋಡ್ರಿ."

ಆಯಿ ತನ್ನ ಮೂಲೆಯಲ್ಲಿ ಕೂತಿದ್ದಳು. ಅಷ್ಟು ದಿನ ಅದೇ ಬಟ್ಟೆಯನ್ನು ಬೈದವಳು, ಈಗ ಸೆರಗು ಬಾಯಿಗೆ ತುರುಕಿಕೊಂಡು ಬಿಕ್ಕಿದಳು. ನಾನು ಬಟ್ಟೆಯ ತುದಿಯನ್ನು ಹಿಡಿದು ಜೋತುಬಿದ್ದೆ, ಅರಚಿದೆ, ಅವ್ವನ ಕೈ ಕಚ್ಚಿದೆ. ಅವಳು ನನ್ನನ್ನು ದೂಡಿ, ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹಿತ್ತಲು ದಾಟಿದಳು. ಅಪ್ಪ ಬರಲಿಲ್ಲ. ನಾನು ಬೇಲಿಯವರೆಗೆ ಹೋಗಿ ನಿಂತೆ.

ಹುಸೇನಸಾಬನಿಗೆ ಹೇಳುವುದೇ ಬೇಡವಾಯಿತು. ಕರಿ ಬಣ್ಣದ ಹಂಡೆಯ ಕೆಳಗೆ ಕಟ್ಟಿಗೆ ಮುಂದಕ್ಕೆ ತಳ್ಳಿದ.

"ಅವ್ವಾರ, ನೀವ ಮನಿಗೆ ಹೋಗ್ರಿ. ನಾ ಅದ್ದಿ ಒಣಗಿಸಿ ಕೊಡ್ತೇನಿ. ತಾಯಿ ಮಾಡೂ ಕೆಲಸ ಅಲ್ರಿ ಇದು."

"ತಾಯೀನ ಮಾಡಬೇಕಪಾ. ಬ್ಯಾರೆಯವರು ಮಾಡಿದ್ರ ನಾ ಅವರನ್ನ ಜಲ್ಮಪೂರ್ತಿ ಬೈತೇನಿ."

ನೂಲನ್ನು ಅದ್ದುವ ಕೋಲುಗಳಿಗೆ ಅಷ್ಟು ದೊಡ್ಡ ಬಟ್ಟೆ ಮಣಿಯಲಿಲ್ಲ. ಅವ್ವ ಸೆರಗು ಸಿಕ್ಕಿಸಿ, ಬಿಸಿ ಬಣ್ಣದೊಳಗೆ ಮೊಣಕೈವರೆಗೆ ಕೈ ಇಳಿಸಿ, ಮಡಿಕೆ ಮಡಿಕೆಯಾಗಿ ಕಾಡನ್ನು ಒಳಗೆ ಒತ್ತಿದಳು. ಒಂದು ಮಡಿಕೆ ಉಬ್ಬಿ ಮೇಲೆ ಬಂದರೆ ಅದನ್ನು ಒತ್ತುವಳು, ಇನ್ನೊಂದು ಏಳುವುದು, ಅದನ್ನೂ ಒತ್ತುವಳು. ಕೈ ಸುಡುತ್ತಿತ್ತು, ಮುಖ ಕಿವುಚಿಕೊಳ್ಳುತ್ತಿತ್ತು. ಎತ್ತಿ ಹಗ್ಗಕ್ಕೆ ಹಾಕಿದಾಗ ಅದು ಬರೀ ಕರಿ ಬಟ್ಟೆ. ಬಿಸಿಲಿಗೆ ಒಣಗಿದ ಮೇಲೂ ಬರೀ ಕರಿ ಬಟ್ಟೆ. ನಾನು ಅದರಲ್ಲಿ ಒಂದು ಎಲೆಯನ್ನಾದರೂ ಹುಡುಕಿದೆ, ಸಿಗಲಿಲ್ಲ.

ಆ ಮಧ್ಯಾಹ್ನವೇ ಅವ್ವ ರೊಟ್ಟಿ ಬಡಿಯಲು ಕೂತಳು. ಬೂದಿ ಹಚ್ಚಿ ತಿಕ್ಕಿದ್ದಳು, ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು. ಕೈ ಮೊಣಕೈವರೆಗೆ ಕರಿಯಾಗಿಯೇ ಇತ್ತು, ನಡುವೆ ಅಲ್ಲಲ್ಲಿ ಬೊಬ್ಬೆ. ಆ ಕೈಗಳ ಕೆಳಗೆ ಜೋಳದ ಹಿಟ್ಟು ಬೆಳ್ಳಗೆ ಹರಡುತ್ತಿತ್ತು. ಎಲ್ಲರ ತಾಟಿಗೂ ಹಾಕಿದಳು. ಮಡಿ ಮಡಿ ಎಂದು ಜೀವ ಸವೆಸಿದ ಆಯಿ ತುಟಿಪಿಟಕ್ಕೆನ್ನದೆ ಮುರಿದು ತಿಂದಳು. ಅಪ್ಪ ತಿಂದ. ನಾನು ತಾಟು ದೂಡಿದೆ.

"ನಿನ್ನ ಕೈಲೆ ಮಾಡಿದ್ದು ಬ್ಯಾಡ ನನಗ. ನೀ ಅಣ್ಣನ್ನ ಮತ್ತೊಮ್ಮೆ ಕೊಂದಿ."

ಹೊಡೆಯುತ್ತಾಳೆ ಎಂದುಕೊಂಡೆ. ಅವ್ವ ನನ್ನನ್ನು ತೊಡೆಯ ಮೇಲೆ ಎಳೆದುಕೊಂಡು, ಗಲ್ಲ ಒತ್ತಿ ಬಾಯಿ ತೆರೆಸಿ, ತುತ್ತು ಒಳಗಿಟ್ಟು ಕೈಯಿಂದ ಮುಚ್ಚಿದಳು.

"ಬೈಯಾಕರ ತಾಕತ್ತ ಬೇಕಲ್ಲ. ನುಂಗು."

ನುಂಗಿದೆ. ಒಂದಲ್ಲ, ತಾಟು ಬರಿದಾಗುವವರೆಗೆ ಹಾಗೆಯೇ ತಿನ್ನಿಸಿದಳು. ಆ ದಿನ ಅವಳನ್ನು ದ್ವೇಷಿಸಿದಷ್ಟು ನಾನು ಯಾರನ್ನೂ ದ್ವೇಷಿಸಿಲ್ಲ, ಆ ದ್ವೇಷ ವರ್ಷಗಟ್ಟಲೆ ಇತ್ತು. ಅವಳಿಗೆ ಅದು ಗೊತ್ತಿತ್ತು, ಒಂದು ದಿನವೂ ಸಮಾಧಾನ ಹೇಳಲು ಬರಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ತಾನೇ ಪಾತ್ರೆ ಹಿಡಿದು ಹುಸೇನಸಾಬನ ಅಂಗಳಕ್ಕೆ ಹೋದ. ಮೂಲೆಯಲ್ಲಿದ್ದ ಬಟ್ಟೆಯನ್ನು ಅವ್ವ ಗೋಡೆಗೆ ಕಟ್ಟಿದಳು, ಅವಳ ಕೈ ಸೋಕಿದಲ್ಲೆಲ್ಲ ಅಂಚು ಬೂದಿಬಣ್ಣವಾಯಿತು, ಅಪ್ಪ ಬಾಯಿ ಮಾಡಲಿಲ್ಲ. ಅರಮನೆ ಬರೆಯತೊಡಗಿದ. ಕಂಬ ಸೊಟ್ಟಗಾಯಿತು, ಅಳಿಸಿ ಮತ್ತೆ ಎಳೆದ. ಬಹಳ ಹೊತ್ತಿನ ಮೇಲೆ ತಿರುಗಿ ನೋಡದೆ ಕರೆದ.

"ಲೀಲಾ, ಬಾ. ಆಕಾಶ ತುಂಬು. ಸರೇಸು ಆರಾಕತ್ತೈತಿ."

ಹೋದೆ. ಬೇರೆ ಯಾರಿದ್ದರು? ಬೇಕೋ ಬೇಡವೋ ಎಂದು ನನ್ನನ್ನು ಅವತ್ತು ಯಾರೂ ಕೇಳಲಿಲ್ಲ, ಆಮೇಲೆ ನಾನೂ ಕೇಳಿಕೊಳ್ಳಲಿಲ್ಲ. ಕಂಪನಿಯವರು ಬಂದು ಕರಿ ಪರದೆಯನ್ನು ಗೊಣಗದೆ ಒಯ್ದರು. ಅದು ಯಾವ ಯಾವ ಊರಿನಲ್ಲಿ ತೂಗಿತೋ, ಅದರ ಮುಂದೆ ಯಾರು ಏನು ಹಾಡಿದರೋ ನನಗೆ ಗೊತ್ತಿಲ್ಲ. ಅಪ್ಪ ಸಾಯುವವರೆಗೆ ಬರೆದ, ಕಾಡು ಮಾತ್ರ ಬರೆಯಲಿಲ್ಲ. ಯಾರಾದರೂ ಕೇಳಿದರೆ, ಕಾಡು ನಮ್ಮ ಹುಡುಗಿ ಬರೀತಾಳ ಎನ್ನುತ್ತಿದ್ದ. ನಾನು ಬರೆದೆ, ಮಣ್ಣಿನ ಬಣ್ಣದಲ್ಲಿ ಬರೆದೆ, ಅವೆಲ್ಲ ತೊಳೆದು ಹೋದವು. ಆಮೇಲೆ ಪರದೆಗಳ ಕಾಲ ಮುಗಿದು ನಾನು ಕ್ಯಾನ್ವಾಸಿಗೆ ಬಂದೆ. ಗಂಡ ದವಾಖಾನೆಯಲ್ಲಿದ್ದಾಗ ಬರೆದಿದ್ದೇನೆ, ಅವನು ಹೋದ ಮೂರನೆಯ ದಿನ ಬರೆದಿದ್ದೇನೆ. ಅದನ್ನು ಕಂಡು ಬಂಧುಗಳು ಬಾಯಿ ಮೇಲೆ ಕೈ ಇಟ್ಟುಕೊಂಡರು. ಪೇಪರಿನವರು ಅದನ್ನೇ ಛಲ, ಸಾಧನೆ ಎಂದು ಬರೆದರು. ಎರಡನ್ನೂ ಓದಿ, ಕೇಳಿ ನನಗೆ ಅನಿಸಿದ್ದು ಒಂದೇ, ಇವರಿಗೆ ಏನೂ ಗೊತ್ತಿಲ್ಲ.

ಅವ್ವ ಕೊನೆಯ ವರ್ಷಗಳಲ್ಲಿ ವಿದ್ಯಾಗಿರಿಯಲ್ಲಿ ನನ್ನ ಜೊತೆ ಇದ್ದಳು. ನಾನು ಬರೆಯುವಾಗ ಸ್ಟುಡಿಯೋದ ಬಾಗಿಲಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದಳು. ನಮ್ಮಿಬ್ಬರ ನಡುವೆ ಮಾತು ಕಡಿಮೆ, ಆದರೆ ಹಳೆಯ ಸಿಟ್ಟು ಸವೆದು ಹೋಗಿತ್ತು. ಒಂದು ದಿನ ಕುಂಚ ತೊಳೆಯುತ್ತ, ಬೆನ್ನು ತಿರುಗಿಸಿ ನಿಂತೇ ಕೇಳಿಬಿಟ್ಟೆ. ಎದುರು ನಿಂತು ಕೇಳಲು ನನಗೆ ಧೈರ್ಯವಿರಲಿಲ್ಲ.

"ಅವ್ವಾ, ಅವತ್ತ ಅಂವನ ಕಾಡು ಅದ್ದೂ ಮುಂದ ನಿನಗ ಅಳು ಬರಲಿಲ್ಲೇನು?"

ಶೇಂಗಾ ಸಿಪ್ಪೆ ಒಡೆಯುವ ಸದ್ದು ನಿಂತಿತು.

"ಬಂದಿತ್ತ ಬಿಡವಾ. ಕೈ ಸ್ವಚ್ಛ ಆದ ಮ್ಯಾಲ ಒಂದ ಕಡೆ ಕುಂತು ಅಳೂಣು ಅಂತ ಮಾಡಿದ್ದೆ. ಆ ಕರಿ ಭಾಳ ದಿನಾ ಹೋಗಲೇ ಇಲ್ಲ. ಅದು ಹೋಗೂದ್ರಾಗ ಮುಂದಿನ ಪರದಿ ತೊಳಿಯಾಕ ಬಂದಿತ್ತು."